ಮಾವನ ಬಸುರಿ ಗದ್ದೆ

ನಮ್ಮ ಸೋದರಮಾವನ ಮನೆಯಲ್ಲಿ ಪ್ರತಿ ವರ್ಷ ಗಣಪತಿ ಬಿಟ್ಟ ಮೇಲೆ ಒಬ್ಬಳು ಬಸುರಿಯಾಗುತ್ತಾಳೆ. ಗಾಬರಿಯಾಗಬೇಡಿ, ಅತ್ತೆಯಲ್ಲ! ಅತ್ತೆಯ ಮೊಮ್ಮಗನಿಗೇ ಈಗ ಮೀಸೆ ಚಿಗುರುತ್ತಿದೆ. ಸೊಸೆಯೂ ಅಲ್ಲ. ಮಾವನಿಗೆ ಇರುವುದು ಹೆಣ್ಣುಮಕ್ಕಳು, ಸೊಸೆ ಎಲ್ಲಿಂದ ಬರಬೇಕು? ಬಸುರಿಯಾಗುವವಳು ಮನೆಯ ಕೆಳಗಿನ ಭತ್ತದ ಗದ್ದೆ.

"ಅದರಲ್ಲೇನು ವಿಶೇಷ? ಆ ಹೊತ್ತಿಗೆ ಎಲ್ಲರ ಗದ್ದೆಯೂ ಹೊಡೆ ತುಂಬಿಕೊಂಡು ನಿಲ್ಲುತ್ತದೆ" ಅನ್ನುತ್ತೀರಿ. ನಿಜ. ಪೈರಿನ ಹೊಟ್ಟೆಯೊಳಗೆ ತೆನೆ ಕೂತರೆ ಊರಿನವರೂ ಅದನ್ನು ಬಸುರು ಅಂತಲೇ ಕರೆಯುವುದು. ಆಶ್ವೀಜ ಮಾಸದ ಹುಣ್ಣಿಮೆಗೆ, ಅಂದರೆ ಭೂಮಿ ಹುಣ್ಣಿಮೆಗೆ, ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸುವುದೂ ಹಳೆಯ ಪದ್ಧತಿಯೇ. ಆದರೆ ಊರಿನವರು ಹುಣ್ಣಿಮೆ ದಿನ ಆ ಮಾತಾಡಿ, ಕಡುಬು ತಿಂದು, ಕೈ ತೊಳೆದುಕೊಂಡು ಮರೆತುಬಿಡುತ್ತಾರೆ. ನಮ್ಮ ಮಾವ ಅದನ್ನು ನಂಬಿಬಿಟ್ಟಿದ್ದಾರೆ! ನಂಬಿದವರ ಜೊತೆ ಬಾಳುವುದು ಎಂಥ ಕಷ್ಟ ಅಂತ ನಮ್ಮ ಅತ್ತೆಯನ್ನು ಕೇಳಬೇಕು.

ಆಲೂರು-ಸಕಲೇಶಪುರದ ಕಡೆ ಶರತ್ಕಾಲ ಬಂದದ್ದು ಬೇರೆಯವರಿಗೆ ಹೇಗೆ ಗೊತ್ತಾಗುತ್ತದೋ ನಾನರಿಯೆ. ಮಳೆ ತನ್ನ ಗಂಟುಮೂಟೆ ಕಟ್ಟಿ ಹೊರಡುತ್ತದೆ. ತಿಂಗಳುಗಟ್ಟಲೆ ಒಲೆಯ ಮೇಲೆ ನೇತಾಡಿ ಹೊಗೆ ವಾಸನೆ ಹಿಡಿದ ಬಟ್ಟೆಗಳು ಒಂದೇ ಮಧ್ಯಾಹ್ನದ ಬಿಸಿಲಿಗೆ ಗರಿಗರಿ ಆಗುತ್ತವೆ. ಹುಚ್ಚೆಳ್ಳಿನ ಹೊಲ ಹಳದಿಯಾಗುತ್ತದೆ, ಬೇಲಿಯ ಮೇಲೆ ಗೌರಿ ಹೂವು ಅರಳುತ್ತದೆ, ಕಾಫಿ ಗಿಡದಲ್ಲಿ ಕಾಯಿ ಗುಂಡಗಾಗುತ್ತದೆ. ಇದೆಲ್ಲ ಪಂಚಾಂಗ ಓದುವವರಿಗೆ. ನನಗೆ ಗೊತ್ತಾಗುವುದು ಮಾವನ ಫೋನಿನಿಂದ. ಎತ್ತಿದರೆ ಅತ್ತ ಕಡೆಯಿಂದ ಪಿಸುಮಾತು ಬರುತ್ತದೆ.

"ಮೆತ್ತಗೆ ಮಾತಾಡು ಕಣವ್ವ. ಗದ್ದೆ ಹತ್ರ ಇದೀನಿ. ಈಗ ತಾನೇ ಹೊಡೆ ಕಟ್ಟೈತೆ."

ಫೋನ್ ಮಾಡಿದವರು ಅವರು, ಮೆತ್ತಗೆ ಮಾತಾಡಬೇಕಾದವಳು ನಾನು! ಆಲೂರಿನ ನನ್ನ ಹೊಲಿಗೆ ಅಂಗಡಿಯಲ್ಲಿ ದಸರೆಯ ಬ್ಲೌಸುಗಳು ಬೆಟ್ಟದಷ್ಟು ಬಿದ್ದಿರುತ್ತವೆ, ಮಿಷನ್ನು ಗಡಗಡ ಅನ್ನುತ್ತಿರುತ್ತದೆ. ಮಾವನ ಬಸುರಿಗೆ ಆ ಸದ್ದೂ ಕೇಳಬಾರದು ಅಂತ ಪೆಡಲಿನಿಂದ ಕಾಲು ತೆಗೆದು ಕೂರುತ್ತೇನೆ.

ಈ ಸಲದ ಬಸುರು ಮಾತ್ರ ಎಂದಿನಂತಿರಲಿಲ್ಲ. ಹಿಂದಿನ ಎರಡು ವರ್ಷವೂ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ ಆನೆಗಳು ಬಂದು, ತಿಂದಷ್ಟು ತಿಂದು, ಉಳಿದದ್ದನ್ನು ತುಳಿದು ಹೋಗಿದ್ದವು. ಆ ಬಯಲಿನ ಉಳಿದವರೆಲ್ಲ ಆನೆಗೆ ಹೆದರಿ, ಆಳು ಸಿಗದೆ, ಭತ್ತದ ಸಹವಾಸವನ್ನೇ ಬಿಟ್ಟಿದ್ದರು. ಅರ್ಧ ಬಯಲು ಪಾಳು, ಅರ್ಧ ಶುಂಠಿ. ನಡುವೆ ಮಾವನದೊಂದೇ ಗದ್ದೆ ಹಟ ಹಿಡಿದು ನಿಂತಿತ್ತು. ಈ ಯುಗಾದಿಯ ದಿನ ಅತ್ತೆ ಬೇವುಬೆಲ್ಲದ ತಟ್ಟೆಯನ್ನು ಮುಂದಿಟ್ಟುಕೊಂಡು ತೀರ್ಪು ಕೊಟ್ಟರು.

"ಇದೊಂದ್ ವರ್ಷ ನೋಡ್ತೀನಿ ಕಣ್ರೀ. ಈ ಸಲನೂ ಆನೆ ಪಾಲಾದ್ರೆ ಶುಂಠಿಯೋರಿಗೆ ಗುತ್ತಿಗೆ ಕೊಟ್ಬುಡಿ. ನಿಮ್ಮ ಸೊಂಟನೂ ಉಳೀತದೆ, ನನ್ನ ಜೀವನೂ ಉಳೀತದೆ."

ಮಾವ ಬೆಲ್ಲವನ್ನು ಬಿಟ್ಟು ಬರೀ ಬೇವನ್ನು ಬಾಯಿಗೆ ಹಾಕಿಕೊಂಡು, "ಆಯ್ತು, ಮಾತು ಕೊಟ್ಟೆ" ಅಂದರು. ಶುಂಠಿ ಬಂತು ಅಂದರೆ ಆ ಗದ್ದೆಯ ಕಥೆ ಮುಗಿದ ಹಾಗೆ. ನೀರು ನಿಲ್ಲಬಾರದು ಅಂತ ಜೆಸಿಬಿ ತಂದು ಬದು ಒಡೆಯುತ್ತಾರೆ, ಆಳಕ್ಕೆ ಬಸಿಗಾಲುವೆ ತೋಡುತ್ತಾರೆ. ಆಮೇಲೆ ಅಲ್ಲಿ ಭತ್ತ ನೆಡುವುದು ಕನಸಿನ ಮಾತು. ಮಾವನಿಗೆ ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಈ ವರ್ಷ ಅವರ ಬಸುರಿ ಸೇವೆ ವಿಪರೀತಕ್ಕೆ ಹೋಯಿತು.

ಹಾಗಂತ ಮಾವ ಹುಟ್ಟಾ ಬೇಸಾಯಗಾರರೇನಲ್ಲ. ನಿವೃತ್ತಿಯಾಗುವವರೆಗೂ ಸರ್ಕಾರಿ ಬಸ್ಸಿನ ಕಂಡಕ್ಟರು. ಗದ್ದೆ ಕೆಲಸವೆಲ್ಲ ಡ್ಯೂಟಿ ಮುಗಿದ ಮೇಲೆ, ರಜೆಯ ದಿನ. ಕೊನೆಗೆ ಖಾಕಿ ಹೋಯಿತು, ಹೆಗಲಿನ ಚೀಲ ಹೋಯಿತು, ಕೊರಳಿನ ಸೀಟಿ ಮಾತ್ರ ಹೋಗಲಿಲ್ಲ. ಅತ್ತೆ ಸಾರು ಬಡಿಸುವಾಗ ಇವರು "ಸಾಕು" ಅನ್ನುವುದಿಲ್ಲ, "ಹೋಲ್ಡಾನ್" ಅನ್ನುತ್ತಾರೆ. ಇನ್ನೂ ಬೇಕಿದ್ದರೆ "ರೈಟ್, ರೈಟ್!" ನೆಂಟರು ಬಂದು ಕೂತರೆ, "ಮುಂದೆ ಹೋಗಿ, ಒಳಗೆ ಜಾಗ ಐತೆ" ಅಂತ ಅಡುಗೆಮನೆವರೆಗೂ ತಳ್ಳಿಕೊಂಡು ಹೋಗುತ್ತಾರೆ.

ಕಂಡಕ್ಟರ್ ಆಗಿದ್ದಾಗಲೂ ಬಸುರಿಯರು ಅಂದರೆ ಅವರಿಗೆ ಜೀವ. ಹೊಟ್ಟೆ ಮುಂದೆ ಬಂದ ಹೆಂಗಸೊಬ್ಬಳು ಬಸ್ಸು ಹತ್ತಿದರೆ ಸಾಕು, ಕೂತವರು ಯಾರೇ ಆಗಿರಲಿ, ಎಬ್ಬಿಸಿಬಿಡುತ್ತಿದ್ದರು. ಒಂದು ಸಲ ಸಕಲೇಶಪುರದಲ್ಲಿ ಸಂತೆಯ ದಿನ ಹೀಗೊಬ್ಬಳು ಹತ್ತಿದಳಂತೆ. ಮಾವ ಮುಂದಿನ ಸೀಟಿನಲ್ಲಿ ಕೂತಿದ್ದ, ಇಸ್ತ್ರಿ ಪಂಚೆಯ ದೊಡ್ಡ ಮನುಷ್ಯರೊಬ್ಬರನ್ನು ಎಬ್ಬಿಸಿ ಅವಳನ್ನು ಕೂರಿಸಿದರು. ಡ್ರೈವರಿಗೆ, "ನಿಧಾನ ಕಣಪ್ಪ, ಒಳಗೆ ಎರಡು ಜೀವ ಅವೆ" ಅಂತ ಹೇಳಿದರು. ಬಸ್ಸು ಎತ್ತಿನಗಾಡಿಯ ಹಾಗೆ ಹೊರಟಿತು. ಆನೇಮಹಲ್ ಬಂತು. ಅಲ್ಲೊಂದು ಗುಂಡಿಗೆ ಚಕ್ರ ಇಳಿದದ್ದೇ ತಡ, ಅವಳ ಹೊಟ್ಟೆಯೊಳಗಿಂದ "ಕೊಕ್ಕೊಕ್ಕೋ!" ಅಂತ ಕೂಗು ಬಂತು! ಕೋಳಿಗೂ ಟಿಕೆಟ್ ತೆಗೆಯಬೇಕಲ್ಲ ಅಂತ ಅವಳು ಹುಂಜವನ್ನು ಸೀರೆಯೊಳಗೆ ಕಟ್ಟಿಕೊಂಡು ಬಂದಿದ್ದಳು. ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಇಸ್ತ್ರಿ ಪಂಚೆಯವರು, "ಈಗಲಾದ್ರೂ ನನ್ನ ಸೀಟು ಕೊಡಿಸ್ರೀ ಕಂಡಕ್ಟರೇ" ಅಂದರು. ಮಾವ ಕೊಡಿಸಲಿಲ್ಲ.

"ಹುಂಜ ಆದ್ರೇನು, ಕೂಸಾದ್ರೇನು? ಹೊಟ್ಟೇಲಿ ಒಂದು ಜೀವ ಐತೆ ತಾನೇ? ಕೂತ್ಕೊ ತಾಯಿ. ಹುಂಜಕ್ಕೆ ಮಾತ್ರ ಟಿಕೆಟ್ ತಗೋಬೇಕು ಕಣವ್ವ" ಅಂದರಂತೆ.

ಇಂಥವರ ಕೈಗೆ ಒಂದು ಗದ್ದೆ ಸಿಕ್ಕಿ, ಅದೂ ಬಸುರಿಯಾಗಿ ನಿಂತರೆ ಸುಮ್ಮನೆ ಬಿಡುತ್ತಾರೆಯೇ? ಕಾನೂನುಗಳು ಹುಟ್ಟಿಕೊಂಡವು. ಹೊಡೆ ಕಟ್ಟಿದ ಗದ್ದೆಯ ಹತ್ತಿರ ಯಾರೂ ಜೋರಾಗಿ ಮಾತಾಡಬಾರದು. ಜಗಳವಾಡಬಾರದು. ಗದ್ದೆಯ ಮೇಲ್ಗಡೆ ಹಾದುಹೋಗುವ ಟಾರು ರಸ್ತೆಯಲ್ಲಿ ಹಾರ್ನ್ ಹೊಡೆಯಬಾರದು. ಬೆಳಗ್ಗೆ ಗೂಡ್ಸ್ ಆಟೋ ಬರುವ ಹೊತ್ತಿಗೆ ಮಾವ ತಿರುವಿನಲ್ಲಿ ನಿಂತು, ಹಾರ್ನ್ ಹೊಡೆಯಬೇಡ ಅಂತ ಹೇಳುವುದಕ್ಕೆ ಸೀಟಿ ಊದುತ್ತಾರೆ. ಆ ಸೀಟಿ ಆಚೆ ಗುಡ್ಡದ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳವರೆಗೂ ಕೇಳಿಸುತ್ತದೆ! "ಮಾವ, ಹಾರ್ನೇ ವಾಸಿಯಾಗಿತ್ತಲ್ಲ?" ಅಂದರೆ, "ಅವಳಿಗೆ ನನ್ನ ಸೀಟಿ ಅಭ್ಯಾಸ ಆಗೈತೆ, ಹಾರ್ನ್ ಆಗಿಲ್ಲ" ಅನ್ನುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕಾನೂನು, ಗದ್ದೆಯ ಬದುವಿನ ಮೇಲೆ ಕೆಟ್ಟ ಸುದ್ದಿ ಆಡಬಾರದು ಅನ್ನುವುದು. ಬಸುರಿಯರ ಕಿವಿಗೆ ಸಾವುನೋವಿನ ಮಾತು ಬೀಳಬಾರದಲ್ಲ! ಈ ಸಲ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಏದುಸಿರು ಬಿಡುತ್ತ ಬದುವಿನ ಮೇಲೆ ಓಡಿ ಬಂದರು. "ಕಂಡಕ್ಟ್ರಣ್ಣ, ವಿಷ್ಯ ಗೊತ್ತಾಯ್ತಾ? ಕುಂದೂರಲ್ಲಿ..." ಅನ್ನುವಷ್ಟರಲ್ಲಿ ಮಾವ ಅವರ ಬಾಯಿಗೆ ಕೈ ಅಡ್ಡ ಹಿಡಿದರು.

"ಒಳ್ಳೇದಾ ಕೆಟ್ಟದಾ?"

"ಕೆಟ್ಟದೇ ಕಣಣ್ಣ."

"ಹಂಗಾರೆ ಇಲ್ಲಿ ಬ್ಯಾಡ. ರಸ್ತೆಗೆ ನಡೀರಿ."

ಇಬ್ಬರೂ ಏರಿ ಹತ್ತಿ ರಸ್ತೆಗೆ ಹೋದರು. ಪಾಪ, ರೈಟರಿಗೆ ಮಂಡಿನೋವು ಬೇರೆ. ಅಲ್ಲಿ ನಿಂತು, ಮಾವನ ಜೊತೆ ವರ್ಷಗಟ್ಟಲೆ ಬಸ್ಸು ಓಡಿಸಿದ್ದ ಡ್ರೈವರು ಕುಂದೂರಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಹೇಳಿದರು. ಮಾವ ತಲೆ ಮೇಲೆ ಕೈ ಹೊತ್ತು ಮೋರಿ ಕಟ್ಟೆಯ ಮೇಲೆ ಕೂತರು. ಗೆಳೆಯನನ್ನು ನೆನೆದು ಕಣ್ಣಲ್ಲಿ ನೀರು ಹಾಕಿಕೊಂಡರು. ಆಮೇಲೆ ಮುಖ ಒರೆಸಿ, ನಗು ಮುಖ ಮಾಡಿಕೊಂಡು ಇಳಿದು ಬಂದು ಗದ್ದೆಗೆ ಹೇಳಿದರು: "ಏನಿಲ್ಲ ಕಣವ್ವ, ಬಿಸ್ಲು ಜೋರಾಯ್ತು ಅಂತ ಮಾತಾಡ್ತಿದ್ವಿ."

ಬಯಕೆಯ ವಿಚಾರಕ್ಕೆ ಬಂದರೆ ಇನ್ನೂ ಚೆಂದ. ಭೂಮಿ ಹುಣ್ಣಿಮೆಗೆ ಇಂಥಿಂಥ ಸೊಪ್ಪು, ಇಂಥ ಕಡುಬು ಅಂತ ಹಿರಿಯರು ಮಾಡಿಟ್ಟ ಕ್ರಮವಿದೆ. ಬೇಲಿಯ ಮೇಲಿನ ಹೀರೇಕಾಯಿಯಿಂದ ಹಿಡಿದು ಕಾಡಿನ ಚಿಗುರಿನವರೆಗೆ ಕೈಗೆ ಸಿಕ್ಕಿದ್ದೆಲ್ಲ ಒಂದೇ ಪಾತ್ರೆಗೆ ಬಿದ್ದು ಬೇಯುತ್ತದೆ. ಮಾವನಿಗೆ ಅಷ್ಟೇ ಸಾಲದು. "ಕಾಲ ಬದಲಾಗೈತೆ, ಬಯಕೆನೂ ಬದಲಾಗಿರ್ತದೆ" ಅಂತ ಊರಿನಲ್ಲಿ ಹೆತ್ತ ಹೆಂಗಸರನ್ನೆಲ್ಲ ಕೇಳಿಕೊಂಡು ಬಂದರು. ಒಬ್ಬಳು ಹುಣಸೆಕಾಯಿ ಅಂದಳು, ಇನ್ನೊಬ್ಬಳು ಸುಟ್ಟ ಒಣಮೀನು ಅಂದಳು. ಹೋದ ವರ್ಷ ತಾನೇ ಹೆತ್ತ ಪಕ್ಕದ ಮನೆಯ ಹುಡುಗಿ, "ನಂಗೆ ಮೂರ್ಹೊತ್ತೂ ಗೋಬಿ ಮಂಚೂರಿ ತಿನ್ನೋಣ ಅನ್ನಿಸ್ತಿತ್ತು ದೊಡ್ಡಪ್ಪ" ಅಂದುಬಿಟ್ಟಳು.

ಮಾವ ಅವತ್ತೇ ಸಂಜೆ ಆಲೂರಿಗೆ ಬಂದು ತಳ್ಳುಗಾಡಿಯಲ್ಲಿ ಗೋಬಿ ಮಂಚೂರಿ ಕಟ್ಟಿಸಿಕೊಂಡು ಹೋದರು. ಬಾಳೆಎಲೆಯ ಮೇಲೆ ಸುರಿದು ಗದ್ದೆಯ ಮೂಲೆಯಲ್ಲಿ ಇಟ್ಟರು. ಬೆಳಗ್ಗೆ ನೋಡಿದರೆ ಕೆಂಪಗೆ ಹಾಗೇ ಕೂತಿದೆ. ಇಲಿ ಮುಟ್ಟಿಲ್ಲ, ಏಡಿ ಮುಟ್ಟಿಲ್ಲ, ಕಾಗೆ ಕೂಡ ಒಂದು ಸಲ ಇಣುಕಿ ಹಾರಿಹೋಗಿದೆ. ಮಾವನಿಗೆ ಬೇಜಾರಾಯಿತೆ? ಊಹೂಂ!

"ವಾಕರಿಕೆ ಇರ್ಬೇಕು ಕಣೇ. ಎಣ್ಣೆ ಪದಾರ್ಥ ಸೇರ್ತಿಲ್ಲ" ಅಂತ ಅತ್ತೆಗೆ ವರದಿ ಒಪ್ಪಿಸಿದರು.

ಇನ್ನು ಬಳೆಯ ಪ್ರಸಂಗ. ಬಸುರಿಗೆ ಹಸಿರು ಬಳೆ ತೊಡಿಸಬೇಕಲ್ಲ. ಹುಣ್ಣಿಮೆಗೆ ಮೊದಲು ಮಾವ ನನ್ನ ಅಂಗಡಿಗೆ ಬಂದು, ಮೊದಲು ಒಂದು ಹಸಿರು ರವಿಕೆ ಹೊಲಿದುಕೊಡು ಅಂದರು.

"ಯಾರಿಗೆ ಮಾವ?"

"ಇನ್ಯಾರಿಗೆ? ಗದ್ದೆಗೆ."

"ಅಳತೆ?"

"ಒಂದೆಕರೆ ಹತ್ತು ಗುಂಟೆ."

ನಾನು ಕತ್ತರಿ ಕೆಳಗಿಟ್ಟು ಕೈಮುಗಿದೆ. ರವಿಕೆ ಕಣವೊಂದೇ ಸಾಕು, ಹೊಲಿಸುವ ಪದ್ಧತಿಯಿಲ್ಲ ಅಂತ ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಆಮೇಲೆ ಇಬ್ಬರೂ ಬಸ್ ಸ್ಟ್ಯಾಂಡ್ ಹತ್ತಿರದ ಬಳೆ ಅಂಗಡಿಗೆ ಹೋದೆವು. ಅಂಗಡಿಯಾಕೆಗೆ ಮಾವನ ಪರಿಚಯ ಚೆನ್ನಾಗಿಯೇ ಇತ್ತು, ಆದರೆ ಮಾವನ ಗದ್ದೆಯ ಪರಿಚಯ ಇರಲಿಲ್ಲ.

"ಹಸಿರು ಬಳೆ ಕೊಡವ್ವ, ಮನೇಲಿ ಬಸ್ರಿ ಅವ್ಳೆ" ಅಂದರು ಮಾವ.

"ಅಯ್ಯೋ, ಸಂತೋಷ ಕಣಣ್ಣ! ಚಿಕ್ಕ ಮಗಳಾ?"

"ಮಗಳಲ್ಲ."

"ಮತ್ತೆ? ಎಷ್ಟು ತಿಂಗಳು?"

"ತಿಂಗಳ ಲೆಕ್ಕ ಇಲ್ಲ. ಹುಣ್ಣಿಮೆ ಕಳೀತಿದ್ದಂಗೆ ಹಾಲು ತುಂಬ್ತದೆ."

ಆಕೆಯ ಮುಖ ಸಣ್ಣಗಾಯಿತು. "ಕೈ ಅಳತೆ ಎಷ್ಟಣ್ಣ?"

"ಅವಳಿಗೆ ಕೈ ಎಲ್ಲೈತೆ? ಅಂದಾಜಿಗೆ ಕೊಡು."

ಆಕೆ ನನ್ನ ಕಡೆ ನೋಡಿದಳು. ನಾನು ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದೆ. ಅವಳಿಗೆ ಅದು ಅಳುವಿನ ಹಾಗೆ ಕಂಡಿತೋ ಏನೋ, ದನಿ ತಗ್ಗಿಸಿ ಕೇಳಿದಳು: "ನಿಮ್ಮನೆಯೋರಿಗೆ ಈ ವಿಷ್ಯ ಗೊತ್ತಾ ಅಣ್ಣ?"

"ಓ, ಗೊತ್ತಿಲ್ದೆ ಏನು? ಅವಳಿಗೆ ಇವಳನ್ನ ಕಂಡ್ರಾಗಲ್ಲ. ಸವತಿ ಅಂತಲೇ ಕರೆಯೋದು!"

ಮಾವ ಬಳೆ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಸುದ್ದಿಗೆ ಬಸ್ಸು ಬೇಕೆ? ಮಾವ ಊರಿಗಿಳಿಯುವ ಮೊದಲೇ ಅತ್ತೆಗೆ ಮೂರು ಕಡೆಯಿಂದ ಫೋನ್ ಬಂದಿತ್ತು. ಎಲ್ಲರದೂ ಒಂದೇ ಕನಿಕರ: ಈ ವಯಸ್ಸಿನಲ್ಲಿ ನಿನ್ನ ಗಂಡನಿಗೆ ಇದೇನು ಬಂತೇ ತಾಯಿ? ಅತ್ತೆ ಒಗ್ಗರಣೆ ಸೌಟು ಹಿಡಿದುಕೊಂಡೇ ಉತ್ತರ ಕೊಟ್ಟರಂತೆ.

"ಈಗಿಂದಲ್ಲ ಕಣೇ ಮಾರಾಯ್ತಿ. ನಾನು ಮದ್ವೆಯಾಗಿ ಬರೋಕ್ ಮುಂಚಿಂದ್ಲೂ ಅವಳು ಇದ್ಳು. ಮೊದ್ಲನೇ ರಾತ್ರಿನೇ ಇವ್ರು ಎದ್ದು ಅವಳಿಗೆ ನೀರು ಕಟ್ಟಾಕ್ ಹೋಗಿದ್ರು. ನಂಗೆ ಅಭ್ಯಾಸ ಆಗೋಗೈತೆ!"

ಇಷ್ಟರ ನಡುವೆ ಆನೆಗಳ ಯೋಚನೆ ಮಾವನನ್ನು ಒಂದು ದಿನವೂ ಬಿಡಲಿಲ್ಲ. ನಮ್ಮ ಕಡೆ ಆನೆ ಎಲ್ಲಿದೆ ಅಂತ ಈಗ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬರುತ್ತದೆ. ಮಾವ ಅದನ್ನು ಓದುವುದೇ ಬೇರೆ ರೀತಿ. "ಮೂರು ಆನೆ ಹೊಳೆ ದಾಟವೆ. ಇದು ಎಕ್ಸ್‌ಪ್ರೆಸ್ಸು, ನಮ್ಮ ಸ್ಟಾಪಲ್ಲಿ ನಿಲ್ಲಲ್ಲ. ಒಂಟಿ ಸಲಗ ಎಸ್ಟೇಟ್ ಸ್ಟೋರ್ ಹತ್ರ ಐತೆ. ಇದು ಶಟಲ್ಲು, ಎಲ್ಲಿ ಬೇಕಾದ್ರೂ ನಿಲ್ತದೆ." ಹೀಗೆ ಓದಿ ನಗುತ್ತಿದ್ದರು, ಓದಿಯಾದ ಮೇಲೆ ನಗು ಮುಖದಲ್ಲಿ ಉಳಿಯುತ್ತಿರಲಿಲ್ಲ. ಕೂತಲ್ಲಿಂದ ಎದ್ದು ಗದ್ದೆಗೆ ಒಂದು ಸುತ್ತು ಹೋಗಿ ಬರುತ್ತಿದ್ದರು. ತುತ್ತು ಎತ್ತಿದವರು ಕಿವಿ ನಿಗುರಿಸಿಕೊಂಡು ಹಾಗೇ ಕೂರುತ್ತಿದ್ದರು. ಬೇಸಗೆಯಲ್ಲಿ ಹೊಲಿಸಿದ ಶರ್ಟು ನವರಾತ್ರಿಗೆ ಹೆಗಲಿನಿಂದ ಜಾರುತ್ತಿತ್ತು. ಹೊಲಿದವಳು ನಾನೇ ಆದ್ದರಿಂದ ಅವರು ಎಷ್ಟು ಇಳಿದುಹೋಗಿದ್ದಾರೆ ಅನ್ನುವುದು ನನಗೆ ನೋಡಿದ ಕೂಡಲೇ ತಿಳಿಯಿತು.

ಆಯುಧಪೂಜೆ ಕಳೆಯಿತು, ಬನ್ನಿ ಹಂಚಿಯಾಯಿತು, ಆನೆ ಬರಲಿಲ್ಲ. ಹುಣ್ಣಿಮೆಯ ಹಿಂದಿನ ದಿನ ನಾನು ಊರಿಗೆ ಹೋದಾಗ ಗದ್ದೆ ನಿಜಕ್ಕೂ ನೋಡುವ ಹಾಗಿತ್ತು. ತೆನೆಗಳು ಆಗಷ್ಟೇ ತಲೆ ಹೊರಗೆ ಹಾಕುತ್ತಿದ್ದವು. ಗಾಳಿ ಬಂದರೆ ಗದ್ದೆಯಿಡೀ ಒಂದೇ ಕಡೆಗೆ ಮೆಲ್ಲಗೆ ವಾಲುತ್ತಿತ್ತು. ಮಾವ ಬದುವಿನ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ನಿಂತು, "ಹೆಂಗವ್ಳೆ?" ಅಂತ ಕೇಳಿದರು. ಎಲ್ಲ ವರ್ಷವೂ ಏನಾದರೊಂದು ಕೀಟಲೆ ಮಾಡುವ ನಾನು, "ದೃಷ್ಟಿ ತೆಗೀಬೇಕು ಮಾವ" ಅಂದೆ. ಅವರ ಮುಖ ಊರಗಲ ಆಯಿತು.

ಹುಣ್ಣಿಮೆಯ ಬೆಳಗ್ಗೆ ಮಂಜು ಇನ್ನೂ ಇಳಿಯುತ್ತಿತ್ತು. ಅತ್ತೆ ಗೊಣಗುತ್ತ ಗೊಣಗುತ್ತಲೇ ಕಡುಬು, ಬೆರಕೆ ಸೊಪ್ಪಿನ ಪಲ್ಯ, ಅಂಬಲಿ, ಬುತ್ತಿ ಎಲ್ಲವನ್ನೂ ಬುಟ್ಟಿಗೆ ತುಂಬಿದ್ದರು. "ನನ್ನ ಬಸುರಿನಲ್ಲಿ ಒಂದು ಮಾವಿನಕಾಯಿ ತಂದುಕೊಡೋಕೂ ಇವ್ರಿಗೆ ಡ್ಯೂಟಿ ಇತ್ತು. ಸವತಿಗೆ ನೋಡು, ಬುಟ್ಟಿಗಟ್ಟಲೆ!" ಅನ್ನುತ್ತಲೇ ಇನ್ನೆರಡು ಕಡುಬು ಸೇರಿಸಿದರು. ಮಾವ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಮುಂದೆ, ಅತ್ತೆ ಆರತಿ ತಟ್ಟೆ ಹಿಡಿದು ಹಿಂದೆ, ಬಳೆಯ ಪೊಟ್ಟಣ ಹಿಡಿದು ನಾನು ಕೊನೆಗೆ. ರಸ್ತೆಯ ತಿರುವಿಗೆ ಬಂದಾಗ ಇಲಾಖೆಯ ಆನೆ ಕಾಯುವ ತಂಡದವರೊಬ್ಬರು ಬೈಕಿಗೆ ಒರಗಿ ನಿಂತಿದ್ದರು. ಕಾವಲಿಗೆ ಆ ಕಡೆ ಬಂದಾಗಲೆಲ್ಲ ಮಾವನ ಮನೆಯಲ್ಲಿ ಕಾಫಿ ಕುಡಿಯುವವರೇ. ಬಾಯಿ ತೆರೆಯದೆ, ನಿಲ್ಲಿ ಅಂತ ಕೈ ಸನ್ನೆ ಮಾಡಿದರು.

ಮಂಜು ಸ್ವಲ್ಪ ಸರಿಯಿತು. ಗದ್ದೆಯೊಳಗೆ ಆನೆಗಳಿದ್ದವು.

ಎರಡು ಆಚೆ ಅಂಚಿನಲ್ಲಿ ಪೈರು ಕಿತ್ತು, ಬೇರಿನ ಕೆಸರನ್ನು ಮುಂಗಾಲಿಗೆ ಬಡಿದು, ನಿಧಾನಕ್ಕೆ ತಿನ್ನುತ್ತಿದ್ದವು. ಮೂರನೆಯದು ಗದ್ದೆಯ ನಟ್ಟನಡುವೆ ನಿಂತಿತ್ತು. ದೊಡ್ಡದು, ಹೊಟ್ಟೆ ಎರಡೂ ಕಡೆ ಬಿರಿಯುವ ಹಾಗೆ ಊದಿಕೊಂಡಿತ್ತು. ಬೇರೆಯವು ಹೆಜ್ಜೆ ಬದಲಿಸಿದರೂ ಅದು ಬದಲಿಸುತ್ತಿರಲಿಲ್ಲ. ನಿಂತಲ್ಲೇ ಸೊಂಡಿಲು ಚಾಚಿ, ಸಿಕ್ಕಿದಷ್ಟನ್ನು ಬಾಯಿಗಿಟ್ಟುಕೊಳ್ಳುತ್ತಿತ್ತು.

"ಆ ದೊಡ್ಡದು ಗಬ್ಬ ಐತೆ ಕಣಣ್ಣ. ದಿನ ತುಂಬಿರ್ಬೇಕು" ಅಂದರು ತಂಡದವರು, ಮೆಲ್ಲಗೆ. "ಇನ್ನೂ ಅರ್ಧಕ್ಕಿಂತ ಜಾಸ್ತಿ ಗದ್ದೆ ಉಳಿದೈತೆ. ಎರಡು ಪಟಾಕಿ ಹೊಡೆದ್ರೆ ಹೋಗ್ಬುಡ್ತವೆ. ಹಚ್ಲಾ?"

ಮಾವ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಲೂ ಇಲ್ಲ. ಗದ್ದೆಯನ್ನು ನೋಡಿದರು. ತಿರುಗಿ ಅತ್ತೆಯ ಮುಖ ನೋಡಿದರು. ಯುಗಾದಿಯ ಮಾತು ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು, ಪಟಾಕಿ ಹಿಡಿದವರಿಗೂ ಗೊತ್ತಿತ್ತು. ನನಗಂತೂ ಹಚ್ಚಿ ಅಂತ ಕೂಗಿಬಿಡೋಣ ಅನ್ನಿಸಿತು.

"ಓಡ್ಸುದ್ರೆ ಅವಳು ಎಲ್ಲಿಗ್ ಹೋಗ್ಬೇಕು?" ಅಂತ ಕೇಳಿದರು ಮಾವ.

"ಎದುರಿನ ಗುಡ್ಡ ಹತ್ಬೇಕು. ಆಚೆ ತೋಟದೊಳಗೆ ಸೇರ್ಕತಾವೆ."

"ಆ ಹೊಟ್ಟೆ ಹೊತ್ಕೊಂಡು ಓಡ್ಬೇಕಾ?"

ಮಾವ ಕೊರಳಿನ ಸೀಟಿಯನ್ನು ಶರ್ಟಿನ ಒಳಗೆ ಹಾಕಿಕೊಂಡರು.

"ಬ್ಯಾಡ ಬಿಡಪ್ಪ. ಉಣ್ಣಾಕ್ ಕೂತಿರೋ ಬಸ್ರೀನ ಎಬ್ಬಿಸ್ಬಾರ್ದು" ಅಂದರು.

ಬಿಸಿಲು ಏರುವವರೆಗೂ ಆನೆಗಳು ತಿಂದವು. ನಾವು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಲೇ ಇದ್ದೆವು. ಪಟಾಕಿ ಜೇಬಿಗೆ ವಾಪಸು ಹೋಯಿತು. ಕೊನೆಗೆ ದೊಡ್ಡದು ತಾನಾಗಿಯೇ ಹೊರಟಿತು, ಉಳಿದೆರಡು ಅದರ ಎರಡೂ ಪಕ್ಕದಲ್ಲಿ. ಗುಡ್ಡವನ್ನು ನಿಂತು ನಿಂತು ಹತ್ತಿ ಕಾಫಿ ಗಿಡಗಳ ಹಿಂದೆ ಮರೆಯಾದವು. ಸಾಕಷ್ಟು ದೂರ ಹೋಗಿವೆ ಅಂತ ತಂಡದವರು ನೋಡಿ ಬಂದು ಹೇಳಿ, ಬೈಕು ಹತ್ತಿ ಹೋದ ಮೇಲೆ ನಾವು ಇಳಿದೆವು.

ಗದ್ದೆಯೆಂದು ಹೇಳುವಂಥದ್ದು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಮೂಲೆಯಲ್ಲೊಂದು ತುಂಡು ಮಾತ್ರ ಏನೂ ಆಗಿಲ್ಲವೆಂಬಂತೆ ನಿಂತಿತ್ತು. ಉಳಿದೆಡೆ ಕೆಸರು, ಮುರಿದ ಪೈರು, ನೀರು ತುಂಬಿಕೊಂಡ ದೊಡ್ಡ ದೊಡ್ಡ ಹೆಜ್ಜೆ. ಮಾವ ಬದುವಿನ ಮೇಲೆಯೇ ನಿಂತುಬಿಟ್ಟರು. ನನಗೆ ಅವರ ಹತ್ತಿರ ಹೋಗಲು ಧೈರ್ಯ ಸಾಲಲಿಲ್ಲ.

ಅತ್ತೆ ಹೋಗಿ ಅವರ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿಕೊಂಡರು. ನೆರಿಗೆ ಎತ್ತಿ ಕಟ್ಟಿ ಕೆಸರಿಗೆ ಕಾಲಿಟ್ಟರು. ಉಳಿದ ಮೂಲೆಗೆ ಹೋಗುತ್ತಾರೆ ಅಂದುಕೊಂಡೆ. ಇಲ್ಲ, ತುಳಿದುಹೋದ ನಟ್ಟನಡುವಿಗೆ ಹೋದರು. ಅಲ್ಲಿ ಎಲೆ ಹಾಸಿ, ಅರಿಶಿನ ಕುಂಕುಮ ಇಟ್ಟು, ಹಸಿರು ಬಳೆ ಇಟ್ಟು, ಒಂದೊಂದಾಗಿ ಬಡಿಸತೊಡಗಿದರು. ಅದುವರೆಗೂ ಒಂದು ವರ್ಷವೂ ಅತ್ತೆ ಗದ್ದೆಗೆ ತಮ್ಮ ಕೈಯಿಂದ ಬಡಿಸಿದ್ದಿಲ್ಲ. ಅದೇನಿದ್ದರೂ ಮಾವನ ಪಾಲಿನ ಕೆಲಸ.

ಮಾವ ನಿಧಾನಕ್ಕೆ ಹಿಂದಿನಿಂದ ಹೋಗಿ ನಿಂತರು.

"ದೀಪಾವಳಿ ಕಳೆದ ಮೇಲೆ ಶುಂಠಿಯೋನಿಗೆ ಬರಾಕ್ ಹೇಳ್ತೀನಿ ಕಣೇ. ಮಾತು ಕೊಟ್ಟಿದ್ದೆ ನಿಂಗೆ."

ಅತ್ತೆ ತಲೆ ಎತ್ತಲಿಲ್ಲ. ಎಲೆಯ ಮೇಲೆ ಕಡುಬಿಟ್ಟು, ಅದರ ಪಕ್ಕ ಇನ್ನೊಂದಿಟ್ಟು ಹೇಳಿದರು: "ಯಾವ ಶುಂಠಿಯೋನೂ ಬ್ಯಾಡ. ಮುಂದಿನ ವರ್ಷ ಕಡುಬಿಗೆ ಅಕ್ಕಿ ಇನ್ನೊಂದ್ ಸೇರು ಜಾಸ್ತಿ ನೆನೆಹಾಕಾಣ. ಉಣ್ಣೋರು ಜಾಸ್ತಿಯಾಗವ್ರೆ."

ಮಾವ ಕೆಸರಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅತ್ತೆಯ ಸೀರೆಯ ಅಂಚಿಗೆ ಮೆತ್ತಿದ ಕೆಸರನ್ನು ಬೆರಳಿನಿಂದ ಬಳಿದು ಬಳಿದು ತೆಗೆಯತೊಡಗಿದರು.

"ಬಿಡ್ರೀ, ಜನ ನೋಡ್ತಾರೆ" ಅಂದರು ಅತ್ತೆ.

ಜನ ಅಂದರೆ ಅಲ್ಲಿ ನಾನೊಬ್ಬಳೇ. ನನಗೆ ಕಣ್ಣು ತುಂಬಿ ಏನೂ ಕಾಣಿಸುತ್ತಿರಲಿಲ್ಲ.